ಬಾಲ ನೆಲಕ್ಕೆ ತಾಗಿದ ಡೈನೊಸಾರ್

ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಕೊಡಿ ಎಂದು ಸಮಿತಿಯವರು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಬಂಕಾಪುರದ ಕೋಟೆಯೋ, ಬಾಡದ ಕನಕದಾಸರೋ, ಶಿಶುನಾಳದ ಷರೀಫರೋ ಇರಬೇಕು. ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಬರೆದಿದ್ದಾರೆ, ಮುಂದೆಯೂ ಬರೆಯುತ್ತಾರೆ. ನಾನು ಬರೆಯುತ್ತಿರುವುದು ಒಂದು ಹರಿದ ಹಾಳೆಯ ಇತಿಹಾಸ. ಅದನ್ನು ಹರಿದವನು ನಾನೇ ಆದ್ದರಿಂದ ಇದನ್ನು ಬೇರೆ ಯಾರೂ ಬರೆಯುವಂತಿಲ್ಲ.

ನಾವು ಹೈಸ್ಕೂಲು ಓದುವಾಗ ಹಾವೇರಿ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಶಿಗ್ಗಾವಿ ತಾಲೂಕು ಧಾರವಾಡ ಜಿಲ್ಲೆಯಲ್ಲಿತ್ತು. ಗ್ರಂಥಾಲಯ ಎಂದರೆ ಒಂದು ಕಪಾಟು. ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ ಸರ್ ಅದರ ಬಾಗಿಲು ತೆರೆಯುತ್ತಿದ್ದರು. ಅದರೊಳಗೆ, ಕಾದಂಬರಿ ಮತ್ತು ಜೀವನ ಚರಿತ್ರೆಗಳ ನಡುವೆ, ರಟ್ಟು ಹೋದ ಒಂದು ಇಂಗ್ಲಿಷ್ ಪುಸ್ತಕವಿತ್ತು. ಮೊದಲ ಕೆಲವು ಪುಟಗಳೂ ಇರಲಿಲ್ಲ. ಹೀಗಾಗಿ ಅದರ ಹೆಸರು, ಬರೆದವರು, ಅಚ್ಚಾದ ವರ್ಷ ಒಂದೂ ಗೊತ್ತಾಗುತ್ತಿರಲಿಲ್ಲ. ಉಳಿದ ಪುಟಗಳ ತುಂಬ ಡೈನೊಸಾರ್‌ಗಳಿದ್ದವು. ಎಡಪುಟದಲ್ಲಿ ಬಣ್ಣದ ಚಿತ್ರ, ಬಲಪುಟದಲ್ಲಿ ಹೆಸರು, ಉದ್ದ ಎಷ್ಟು ಅಡಿ, ಏನು ತಿನ್ನುತ್ತಿತ್ತು, ಎಲ್ಲಿ ಸಿಕ್ಕಿತು ಎಂಬ ವಿವರ.

ನಮ್ಮದು ಕನ್ನಡ ಮಾಧ್ಯಮ. ವಿವರ ಓದುವಷ್ಟು ಇಂಗ್ಲಿಷ್ ಯಾರಿಗೂ ಬರುತ್ತಿರಲಿಲ್ಲ. ಆದರೆ ಹೆಸರುಗಳನ್ನು ಬಿಡಲಿಲ್ಲ. ಅಕ್ಷರ ಅಕ್ಷರ ಕೂಡಿಸಿ ಓದಿ, ಮಗ್ಗಿಯಂತೆ ಬಾಯಿಪಾಠ ಮಾಡಿದೆವು. ಸ್ಟೆಗೊಸಾರಸ್, ಟ್ರೈಸೆರಟಾಪ್ಸ್, ಬ್ರಾಂಟೊಸಾರಸ್. ಹಾರುವ ಪ್ರಾಣಿಯೊಂದನ್ನು ನಾವು ಇಡೀ ವರ್ಷ ‘ಪ್ಟೆರೊಡ್ಯಾಕ್ಟೈಲ್’ ಎಂದೇ ಕೂಗಿದೆವು. ಬರೆದ ಅಕ್ಷರವನ್ನು ಉಚ್ಚರಿಸದೆ ಬಿಡುವ ಭಾಷೆಯೂ ಇದೆ ಎಂಬುದು ನಮಗೆ ಗೊತ್ತಿರಲಿಲ್ಲ. ಸರ್ ಒಮ್ಮೆ ಕೇಳಿಸಿಕೊಂಡು ನಕ್ಕು, ಮೊದಲಿನ ‘ಪ’ ಬಿಟ್ಟು ಹೇಳಿರಿ ಎಂದರು. ಅಂದಿನಿಂದ ಆ ಪ್ರಾಣಿಯ ಗಾಂಭೀರ್ಯ ಸ್ವಲ್ಪ ಕಡಿಮೆಯಾಯಿತು.

ಮಕ್ಕಳಿಗೆ ಈ ಪ್ರಾಣಿಗಳು ಯಾಕೆ ಇಷ್ಟು ಹಿಡಿಸುತ್ತವೆ ಎಂದು ಕೇಳಿದರೆ ಬಹಳ ಜನ ಗಾತ್ರ ಎನ್ನುತ್ತಾರೆ. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ನಮ್ಮೂರಿನ ದೊಡ್ಡಾಟದಲ್ಲಿ ಅದಕ್ಕಿಂತ ದೊಡ್ಡ ರಕ್ಕಸರಿದ್ದರು, ಕಥೆಗಳಲ್ಲಿ ಹತ್ತು ತಲೆಯವರೂ ಇದ್ದರು. ಆದರೆ ಈ ಪುಸ್ತಕ ಒಂದು ಬೇರೆಯೇ ಮಾತು ಹೇಳುತ್ತಿತ್ತು: ಇದು ನಿಜವಾಗಿ ಇತ್ತು, ಇಷ್ಟು ಅಡಿ ಉದ್ದವಿತ್ತು, ಎಲುಬು ಇಂಥ ಊರಿನಲ್ಲಿ ಸಿಕ್ಕಿತು. ರಕ್ಕಸನಿಗೆ ಅಳತೆ ಕೊಟ್ಟದ್ದೇ ಅದರ ಜಾದೂ. ಇನ್ನೊಂದು ಕಾರಣವನ್ನೂ ಹೇಳಬೇಕು. ಮನೆಯಲ್ಲಿ ಹೊಲ, ದನ, ಮಳೆ, ಸಾಲ ಎಲ್ಲದರಲ್ಲೂ ಹಿರಿಯರೇ ತಿಳಿದವರು. ಇದೊಂದರಲ್ಲಿ ಮಾತ್ರ ಹದಿಮೂರು ವರ್ಷದ ಹುಡುಗನಿಗೆ ಅವರಿಗಿಂತ ಹೆಚ್ಚು ಗೊತ್ತಿರುತ್ತಿತ್ತು.

ಅಜ್ಜಿಯ ಮುಂದೆ ನಾನು ಆ ಹೆಚ್ಚುಗಾರಿಕೆ ತೋರಿಸಲು ಹೋಗಿ ಸಿಕ್ಕಿಬಿದ್ದೆ. ಮನೆ ಉದ್ದದ ಓತಿಕ್ಯಾತ ಇತ್ತು ಎಂದು ಕೈ ಅಗಲಿಸಿ ವರ್ಣಿಸಿದಾಗ ಆಕೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಕೇಳಿದಳು: “ಅಲ್ಲೋ ತಮ್ಮಾ, ಅದನ್ನ ಕಣ್ಣಾರೆ ನೋಡಿದವ್ರು ಯಾರರ ಅದಾರೇನು? ಮತ್ತ ಚಿತ್ರಾ ಹೆಂಗ ಬರದ್ರು?”

ಉತ್ತರ ಗೊತ್ತಿರಲಿಲ್ಲ. ಮುಂದೆ ಇತಿಹಾಸ ಓದಿ, ಅದನ್ನೇ ಕಲಿಸಿ ನಿವೃತ್ತನಾದ ಮೇಲೂ ಆ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳಿದ ನೆನಪಿಲ್ಲ.

ಆ ವರ್ಷವೇ ಒಂದು ಶನಿವಾರ ನಾನು ಪುಸ್ತಕದಿಂದ ಒಂದು ಹಾಳೆ ಹರಿದೆ. ಟೈರನೊಸಾರಸ್ ರೆಕ್ಸ್ ಇದ್ದ ಹಾಳೆ. ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದೆ. ಮುಂದಿನ ವಾರ ಸರ್ ಕೇಳಿದರು, ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅವರು ಯಾರನ್ನೂ ದಂಡಿಸಲಿಲ್ಲ. ಆದರೆ ಆ ಪುಸ್ತಕವನ್ನು ಎಲ್ಲರಿಗಿಂತ ಹೆಚ್ಚು ನೋಡುತ್ತಿದ್ದ, ಅದರ ಚಿತ್ರಗಳನ್ನು ಪಾಟಿಯ ಮೇಲೆ ಬರೆಯುತ್ತಿದ್ದ ಒಬ್ಬ ಗೆಳೆಯನಿದ್ದ. ಇವನೇ ಹರಿದಿದ್ದಾನೆ ಎಂದು ನಾವು ಹುಡುಗರು ನಮ್ಮೊಳಗೇ ತೀರ್ಮಾನ ಮಾಡಿದೆವು. ನಾವು ಎಂದೇ ಬರೆಯುತ್ತಿದ್ದೇನೆ, ಯಾಕೆಂದರೆ ತಲೆಯಾಡಿಸಿದವರಲ್ಲಿ ನಾನೂ ಇದ್ದೆ. ಅವನು ಆಮೇಲೆ ಶನಿವಾರ ಕಪಾಟಿನ ಹತ್ತಿರ ಬರುವುದನ್ನೇ ಬಿಟ್ಟ.

ಆ ಹಾಳೆ ನನ್ನ ಹತ್ತಿರ ಇಂದಿಗೂ ಇದೆ. ಮಡಿಕೆಯಲ್ಲಿ ಬಣ್ಣ ಹೋಗಿದೆ. ಚಿತ್ರದಲ್ಲಿ ಪ್ರಾಣಿ ನೆಟ್ಟಗೆ ನಿಂತಿದೆ, ಕುಸ್ತಿಯ ಪೈಲ್ವಾನನಂತೆ ಎದೆ ಮುಂದೆ ಮಾಡಿ, ದಪ್ಪ ಬಾಲವನ್ನು ನೆಲದ ಮೇಲೆ ಚೆಲ್ಲಿ. ಹಿಂದೆ ಒಂದು ಕೆರೆ. ಅದರಲ್ಲಿ ಕುತ್ತಿಗೆಯವರೆಗೆ ಮುಳುಗಿದ ಒಂದು ಬ್ರಾಂಟೊಸಾರಸ್. ಅದರಾಚೆ ಹೊಗೆ ಉಗುಳುವ ಬೆಟ್ಟ. ಹಿಂಬದಿಯಲ್ಲಿ ಇಂಗ್ಲಿಷ್ ಬರಹ, ಕೆಳಗೆ ಪುಟಸಂಖ್ಯೆ 38.

ಕಾಲ ಬರೆಯದ ಶಾಸನವನ್ನು ನಾವು ಅಕ್ಷರಗಳ ಮೋಡಿ ನೋಡಿ ಇದು ಇಂಥ ಶತಮಾನದ್ದು ಎಂದು ಗುರುತಿಸುತ್ತೇವೆ. ವೀರಗಲ್ಲಿನಲ್ಲಿ ವೀರನ ತುರುಬು, ಕತ್ತಿಯ ಆಕಾರ, ಮೇಲಿನ ಪಟ್ಟಿಕೆಯ ಕೆತ್ತನೆ ನೋಡುತ್ತೇವೆ. ನಿವೃತ್ತಿಯ ನಂತರ ಒಂದು ದಿನ ಹಾಳೆ ಕೈಗೆ ಸಿಕ್ಕಾಗ ಇದಕ್ಕೂ ಹಾಗೆಯೇ ಕಾಲನಿರ್ಣಯ ಮಾಡಬಹುದಲ್ಲ ಎನ್ನಿಸಿತು. ಡೈನೊಸಾರ್ ನಿಂತ ಭಂಗಿಯೇ ಇಲ್ಲಿ ಲಿಪಿ.

ಮೊದಲಿನಿಂದ ಹೇಳುತ್ತೇನೆ. ‘ಡೈನೊಸಾರ್’ ಎಂಬ ಹೆಸರನ್ನು ಕೊಟ್ಟವನು ಇಂಗ್ಲೆಂಡಿನ ರಿಚರ್ಡ್ ಓವೆನ್, 1842ರಲ್ಲಿ. ಅದಕ್ಕೂ ಮುಂಚೆ, 1825ರಲ್ಲಿ, ಗಿಡಿಯನ್ ಮ್ಯಾಂಟೆಲ್ ಎಂಬ ವೈದ್ಯ ಕೆಲವು ಹಲ್ಲುಗಳನ್ನು ಆಧರಿಸಿ ಇಗ್ವಾನೊಡಾನ್ ಎಂಬ ಪ್ರಾಣಿಗೆ ಹೆಸರಿಟ್ಟಿದ್ದ. ಆಮೇಲೆ ಎಲುಬುಗಳ ಜೊತೆ ಒಂದು ಮೊನಚು ಕೊಂಬಿನಂಥ ತುಂಡು ಸಿಕ್ಕಿತು. ಘೇಂಡಾಮೃಗದ ಹಾಗೆ ಮೂಗಿನ ಮೇಲೆ ಇದ್ದಿರಬೇಕು ಎಂದು ಅವನು ಅದನ್ನು ಅಲ್ಲಿಗೆ ಹಚ್ಚಿದ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಓವೆನ್ನನ ಸಲಹೆಯಂತೆ ಜೀವಗಾತ್ರದ ಪ್ರತಿಮೆಗಳನ್ನು ನಿಲ್ಲಿಸಿದ. ನಮ್ಮ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಸಿಮೆಂಟಿನ ಒಕ್ಕಲಿಗರನ್ನೂ ಎತ್ತುಗಳನ್ನೂ ಕಂಡವರಿಗೆ ಆ ಕೆಲಸ ಎಂಥದ್ದೆಂದು ಊಹಿಸುವುದು ಕಷ್ಟವಲ್ಲ. ಒಂದೇ ವ್ಯತ್ಯಾಸ: ಎತ್ತನ್ನು ಎಲ್ಲರೂ ನೋಡಿದ್ದಾರೆ. ಪ್ರತಿಮೆ ಮುಗಿಯುವ ಮುನ್ನ, 1853ರ ಡಿಸೆಂಬರ್ 31ರ ರಾತ್ರಿ, ಇಗ್ವಾನೊಡಾನ್‌ನ ಅಚ್ಚಿನೊಳಗೇ ಮೇಜು ಹಾಕಿ ವಿಜ್ಞಾನಿಗಳಿಗೆ ಊಟ ಬಡಿಸಿದರಂತೆ.

ಆ ಉದ್ಯಾನ ನೋಡಲು ಬರುವವರಿಗಾಗಿ ಓವೆನ್ ಒಂದು ಸಣ್ಣ ಕೈಪಿಡಿ ಬರೆದ. ಇಂದು ಮಕ್ಕಳು ಮಡಿಲಲ್ಲಿಟ್ಟುಕೊಳ್ಳುವ ಎಲ್ಲ ಡೈನೊಸಾರ್ ಕೈಪಿಡಿಗಳ ಮುತ್ತಜ್ಜ ಅದು. ಹಾಕಿನ್ಸ್ ಶಾಲೆಗಳ ಗೋಡೆಗೆ ತೂಗುಹಾಕುವ ಚಿತ್ರಪಟಗಳನ್ನೂ ಮಾಡಿದ. ಅಂದರೆ ಈ ಪ್ರಾಣಿಗಳು ಹೆಸರು ಪಡೆದು ಹೆಚ್ಚು ವರ್ಷವಾಗುವ ಮೊದಲೇ ಶಾಲೆ ಸೇರಿದ್ದವು.

1878ರಲ್ಲಿ ಬೆಲ್ಜಿಯಂ ದೇಶದ ಬರ್ನಿಸಾರ್ ಎಂಬಲ್ಲಿ ಕಲ್ಲಿದ್ದಲ ಗಣಿಯ ಆಳದಲ್ಲಿ ಇಗ್ವಾನೊಡಾನ್‌ಗಳ ಇಡೀ ಅಸ್ಥಿಪಂಜರಗಳೇ ಸಿಕ್ಕವು. ಮೂಗಿನ ಕೊಂಬು ನಿಜವಾಗಿ ಕೈಯ ಹೆಬ್ಬೆರಳಾಗಿತ್ತು! ಲಂಡನ್ನಿನ ಪ್ರತಿಮೆಗಳು ಈಗಲೂ ಇವೆ, ಕೊಂಬು ಈಗಲೂ ಮೂಗಿನ ಮೇಲೇ ಇದೆ. ಯಾರೂ ಅದನ್ನು ಕಿತ್ತು ಸರಿಮಾಡಲಿಲ್ಲ. ಮಾಡಬಾರದು ಎಂದೇ ನನ್ನ ಅಭಿಪ್ರಾಯ. ಅಷ್ಟು ಹೊತ್ತಿಗೆ ಅದೂ ಒಂದು ಶಾಸನವಾಗಿತ್ತು.

ನನ್ನ ಹಾಳೆಯ ಚಿತ್ರಕ್ಕೆ ಮಾದರಿ ಹಾಕಿಕೊಟ್ಟವನು ಅಮೆರಿಕದ ಚಾರ್ಲ್ಸ್ ನೈಟ್ (1874–1953). ಅವನ ಕಣ್ಣಿನ ದೃಷ್ಟಿ ಬಹಳ ಮಂದ. ಚಿಕ್ಕವನಿದ್ದಾಗ ಜೊತೆಯ ಹುಡುಗ ಎಸೆದ ಕಲ್ಲು ಬಲಗಣ್ಣಿಗೆ ಬಿದ್ದು ಇನ್ನಷ್ಟು ಹಾಳಾಗಿತ್ತು. ಆದರೂ ಯಾರೂ ಕಾಣದ ಪ್ರಾಣಿಗಳನ್ನು ಲೋಕಕ್ಕೆಲ್ಲ ಕಾಣಿಸಿದವನು ಅವನೇ. ಮೊದಲು ಎಲುಬು ಜೋಡಿಸಿ ನೋಡುವುದು, ಅದರ ಮೇಲೆ ಸ್ನಾಯು ಎಲ್ಲೆಲ್ಲಿ ಅಂಟಿತ್ತೆಂದು ಗುರುತಿಸುವುದು, ಮಣ್ಣಿನ ಮಾದರಿ ಮಾಡಿ ಬಿಸಿಲಿಗಿಟ್ಟು ನೆರಳು ಬೀಳುವ ರೀತಿ ನೋಡುವುದು, ಬದುಕಿರುವ ಪ್ರಾಣಿಗಳನ್ನು ಮೃಗಾಲಯದಲ್ಲಿ ಕೂತು ಬರೆದು ಅಭ್ಯಾಸ ಮಾಡುವುದು, ಕೊನೆಗೆ ಬಣ್ಣ. ಅಜ್ಜಿಯ ಪ್ರಶ್ನೆಗೆ ಉತ್ತರ ಈ ಕ್ರಮದಲ್ಲಿದೆ. ಎಲುಬಿನವರೆಗೆ ಸಾಕ್ಷಿ, ಸ್ನಾಯುವಿನವರೆಗೆ ತರ್ಕ, ಚರ್ಮದ ಬಣ್ಣ ಊಹೆ. ಟೈರನೊಸಾರಸ್‌ಗೆ 1905ರಲ್ಲಿ ಹೆಸರಿಡಲಾಯಿತು. 1915ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಅದರ ಅಸ್ಥಿಪಂಜರವನ್ನು ನೆಟ್ಟಗೆ, ಬಾಲ ನೆಲಕ್ಕೆ ತಾಗಿಸಿ ನಿಲ್ಲಿಸಿದರು. ಮುಂದಿನ ಅರ್ಧ ಶತಮಾನ ಪುಸ್ತಕಗಳಲ್ಲೆಲ್ಲ ಅದು ಹಾಗೆಯೇ ನಿಂತಿತು. 1947ರಲ್ಲಿ ರುಡಾಲ್ಫ್ ಜಾಲಿಂಜರ್ ಯೇಲ್ ವಿಶ್ವವಿದ್ಯಾಲಯದ ಗೋಡೆಯ ಮೇಲೆ 110 ಅಡಿ ಉದ್ದದ ಚಿತ್ರ ಬರೆದು ಮುಗಿಸಿದ. 1953ರಲ್ಲಿ ‘ಲೈಫ್’ ಪತ್ರಿಕೆ ಆ ಚಿತ್ರವನ್ನು ಅಚ್ಚುಹಾಕಿತು. ಅಲ್ಲೂ ಬಾಲ ನೆಲದ ಮೇಲೆಯೇ.

ಬಾಲವನ್ನು ಎತ್ತಿಸಿದ ಕೀರ್ತಿ ಜಾನ್ ಆಸ್ಟ್ರಮ್ ಅವರದು. 1969ರಲ್ಲಿ ಅವರು ಡೈನೋನಿಕಸ್ ಎಂಬ ಚಿಕ್ಕ, ಚುರುಕು ಬೇಟೆಗಾರ ಪ್ರಾಣಿಯನ್ನು ವಿವರಿಸಿ, ಇವು ಸೋಮಾರಿ ಹಲ್ಲಿಗಳಲ್ಲ, ಹಕ್ಕಿಗಳ ಬಂಧುಗಳು ಎಂದು ವಾದಿಸಿದರು. ಆಮೇಲೆ ಚಿತ್ರಗಳಲ್ಲಿ ಬಾಲ ಮೇಲೆದ್ದಿತು, ಬೆನ್ನು ನೆಲಕ್ಕೆ ಸಮಾನಾಂತರವಾಯಿತು, ಬ್ರಾಂಟೊಸಾರಸ್ ಕೆರೆಯಿಂದ ಎದ್ದು ಒಣನೆಲಕ್ಕೆ ಬಂತು. ನ್ಯೂಯಾರ್ಕಿನವರೂ 1990ರ ದಶಕದಲ್ಲಿ ತಮ್ಮ ಅಸ್ಥಿಪಂಜರವನ್ನು ಬಿಚ್ಚಿ ಬಗ್ಗಿಸಿ ನಿಲ್ಲಿಸಿದರು. 1996ರಲ್ಲಿ ಚೀನಾದಿಂದ ಪುಕ್ಕದಂಥ ತುಪ್ಪಳವಿದ್ದ ಡೈನೊಸಾರ್ ಪಳೆಯುಳಿಕೆಯ ಸುದ್ದಿ ಬಂತು. ಬಂಕಾಪುರದ ಕೋಟೆಯೊಳಗಿನ ನವಿಲುಧಾಮಕ್ಕೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಿಗೆ ಒಂದು ವಿನಂತಿ: ಮಳೆ ನಿಂತ ಮೇಲೆ ಹಸಿ ಮಣ್ಣಿನಲ್ಲಿ ನವಿಲಿನ ಮೂರು ಬೆರಳಿನ ಹೆಜ್ಜೆ ತೋರಿಸಿ. ಟೈರನೊಸಾರಸ್‌ನ ದೂರದ ದಾಯಾದಿಯ ಹೆಜ್ಜೆ ಅದು.

ಈಗ ನನ್ನ ಹಾಳೆಗೆ ಬರುತ್ತೇನೆ. ಬಾಲ ನೆಲದ ಮೇಲಿದೆ, ಬ್ರಾಂಟೊಸಾರಸ್ ನೀರಿನಲ್ಲಿದೆ. ಆದ್ದರಿಂದ ಚಿತ್ರ ಆಸ್ಟ್ರಮ್ ಅವರ ವಿಚಾರ ಹರಡುವ ಮುಂಚಿನದು. ಹಿಂಬದಿಯಲ್ಲಿ ಇವು ಯಾಕೆ ಅಳಿದವು ಎಂಬ ಚರ್ಚೆಯಿದೆ. ಹವೆ ತಂಪಾಯಿತು, ಸಸ್ಯಗಳು ಬದಲಾದವು, ಸಣ್ಣ ಪ್ರಾಣಿಗಳು ಮೊಟ್ಟೆ ತಿಂದವು ಎಂಬ ಊಹೆಗಳಿವೆ. ಆಕಾಶದಿಂದ ಬಂಡೆ ಬಿತ್ತು ಎಂಬ ಮಾತೇ ಇಲ್ಲ. ಲೂಯಿ ಮತ್ತು ವಾಲ್ಟರ್ ಆಲ್ವರೆಜ್ ಎಂಬ ತಂದೆ ಮಗ ಸಂಗಡಿಗರೊಡನೆ ಆ ವಾದವನ್ನು ಮುಂದಿಟ್ಟದ್ದು 1980ರಲ್ಲಿ. ಇನ್ನು ಬಣ್ಣ ಎಂಬರ್ಥದ ಇಂಗ್ಲಿಷ್ ಪದದಲ್ಲಿ ‘ಯು’ ಅಕ್ಷರವಿಲ್ಲ, ಹಾಗಾಗಿ ಅಮೆರಿಕದ ಅಚ್ಚು. 1950 ಅಥವಾ 60ರ ದಶಕದ ಅಮೆರಿಕನ್ ಪುಸ್ತಕ ಎಂಬುದು ನನ್ನ ತೀರ್ಪು. ಶಾಸನತಜ್ಞರು ಇದಕ್ಕಿಂತ ಕಡಿಮೆ ಆಧಾರದ ಮೇಲೆ ಜಗಳವಾಡಿದ್ದನ್ನು ನೋಡಿದ್ದೇನೆ.

ಅಮೆರಿಕದ ಪುಸ್ತಕವೇ ಯಾಕೆ, ಕನ್ನಡದ್ದು ಯಾಕಿರಲಿಲ್ಲ? ಕನ್ನಡದಲ್ಲಿ ಪ್ರಯತ್ನ ಕಡಿಮೆಯೇನಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ತಂದರು. ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದರು. ಒಂದು ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸ ಅದು. 1970ರ ದಶಕದಲ್ಲಿ ನಿರಂಜನರ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶ ‘ಜ್ಞಾನ ಗಂಗೋತ್ರಿ’ ಏಳು ಸಂಪುಟಗಳಲ್ಲಿ ಬಂತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆ ಹಳ್ಳಿ ಶಾಲೆಗಳಿಗೂ ಬಂತು. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಹೋಗುವವರ ಜೊತೆ ಕೋಟಿಗಟ್ಟಲೆ ವರ್ಷಗಳ ಆಳವನ್ನು ಇಣುಕಿ ನೋಡಿದ ಕನ್ನಡಿಗರು ಎಷ್ಟು ಜನವೋ. ನಮ್ಮ ತಲೆಮಾರಿಗೆ ಕನ್ನಡದ ಡೈನೊಸಾರ್ ಎಂದರೆ ಆ ಓತಿಯೇ.

ಆದರೆ ಪುಟಪುಟಕ್ಕೂ ಬಣ್ಣದ ಚಿತ್ರವಿದ್ದು ಡೈನೊಸಾರ್ ಒಂದನ್ನೇ ಕುರಿತ ಕನ್ನಡ ಪುಸ್ತಕ ನಮ್ಮ ಕೈಗೆ ಸಿಗಲಿಲ್ಲ. ಕಾರಣ ಲೆಕ್ಕದ್ದು. ಬಣ್ಣದ ಪುಟ ನಾಲ್ಕು ಅಚ್ಚುಗಳಲ್ಲಿ ಮುದ್ರಣವಾಗುತ್ತದೆ, ಅಚ್ಚಿನ ಖರ್ಚು ಸಾವಿರ ಪ್ರತಿಗೂ ಅಷ್ಟೇ, ಲಕ್ಷ ಪ್ರತಿಗೂ ಅಷ್ಟೇ. ದೊಡ್ಡ ವಿದೇಶಿ ಪ್ರಕಾಶಕರು ಇದಕ್ಕೊಂದು ಉಪಾಯ ಕಂಡುಕೊಂಡರು. ಅಕ್ಷರಗಳನ್ನೆಲ್ಲ ಕಪ್ಪು ಬಣ್ಣದ ಅಚ್ಚಿನಲ್ಲೇ ಇಟ್ಟು, ಅದೊಂದನ್ನು ಮಾತ್ರ ಬದಲಿಸಿ, ಅದೇ ಚಿತ್ರಗಳನ್ನು ಹತ್ತಾರು ಭಾಷೆಗಳಲ್ಲಿ ಒಟ್ಟಿಗೆ ಮುದ್ರಿಸುವುದು. 1989ರಲ್ಲಿ ಡೋರ್ಲಿಂಗ್ ಕಿಂಡರ್‌ಸ್ಲೆಯವರ ‘ಐವಿಟ್ನೆಸ್’ ಮಾಲೆಯಲ್ಲಿ ಬಂದ ಡೈನೊಸಾರ್ ಪುಸ್ತಕ ಇಂಥದ್ದು: ಬಿಳಿಯ ಪುಟದ ಮೇಲೆ ಎಲುಬು, ಹಲ್ಲು, ಉಗುರಿನ ಫೋಟೊಗಳು. ಆಮೇಲೆ ‘ಜುರಾಸಿಕ್ ಪಾರ್ಕ್’ ಸಿನಿಮಾ ಬಂದು, 1994ರಲ್ಲಿ ಹಿಂದಿ ಮಾತಿನೊಡನೆ ನಮ್ಮ ದೇಶದ ಟಾಕೀಸುಗಳಿಗೂ ಬಂದು, ಮಕ್ಕಳೆಲ್ಲ ಡೈನೊಸಾರ್ ಪಂಡಿತರಾದರು. ಪುಸ್ತಕ ಮಾತ್ರ ಬಹುಪಾಲು ಇಂಗ್ಲಿಷಿನದ್ದೇ ಉಳಿಯಿತು.

ಇದರಿಂದ ಒಂದು ತಪ್ಪು ಕಲ್ಪನೆಯೂ ಬೆಳೆಯಿತು. ಇವೆಲ್ಲ ಅಮೆರಿಕದ ಪ್ರಾಣಿಗಳು ಎಂದು ನಾವು ನಂಬಿದ್ದೆವು. ನಿಜವೆಂದರೆ ಭಾರತದ ಮೊದಲ ಡೈನೊಸಾರ್ ಎಲುಬು ಸಿಕ್ಕದ್ದು 1828ರಲ್ಲಿ, ಜಬಲ್ಪುರದಲ್ಲಿ. ಆಗ ‘ಡೈನೊಸಾರ್’ ಎಂಬ ಪದವೇ ಇರಲಿಲ್ಲ. ಕಂಡವನು ಕ್ಯಾಪ್ಟನ್ ಸ್ಲೀಮನ್, ಮುಂದೆ ಠಗ್ಗರನ್ನು ಅಡಗಿಸಿ ಹೆಸರಾದವನು. 1877ರಲ್ಲಿ ಲಿಡೆಕ್ಕರ್ ಜಬಲ್ಪುರದ ಪ್ರಾಣಿಗೆ ಟೈಟಾನೊಸಾರಸ್ ಇಂಡಿಕಸ್ ಎಂದು ಹೆಸರಿಟ್ಟ. ಗೋದಾವರಿ ಕಣಿವೆಯಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು ಅಗೆದು ತೆಗೆದ ಪ್ರಾಣಿ ಬರಪಾಸಾರಸ್ ಟಾಗೊರೈ. ಬಂಗಾಳಿಯಲ್ಲಿ ‘ಬರೊ ಪಾ’ ಎಂದರೆ ದೊಡ್ಡ ಕಾಲು. ಅಗೆತದ ಹೊತ್ತಿಗೆ ರವೀಂದ್ರನಾಥ ಟಾಗೋರರ ಜನ್ಮಶತಮಾನೋತ್ಸವ ಬಂದಿತ್ತು, ಅವರ ಹೆಸರೂ ಸೇರಿತು. ಅದೇ ಸೀಮೆಯ ಕೋಟಾಸಾರಸ್‌ನ ಅಸ್ಥಿಪಂಜರ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ನಿಂತಿದೆ. ನಮ್ಮ ಮಕ್ಕಳು ಪ್ರವಾಸಕ್ಕೆ ಚಾರ್‌ಮಿನಾರ್ ನೋಡಲು ಹೋದಾಗ ಅರ್ಧ ದಿನ ಅಲ್ಲಿಗೂ ಕೊಡಬಹುದು. 2003ರಲ್ಲಿ ಗುಜರಾತಿನ ಎಲುಬುಗಳಿಂದ ರಾಜಾಸಾರಸ್ ನರ್ಮದೆನ್ಸಿಸ್ ಹೆಸರು ಪಡೆಯಿತು.

ತಮಿಳುನಾಡಿನ ಅರಿಯಲೂರು ಸೀಮೆಯ ಒಂದು ಪ್ರಾಣಿಯ ಹೆಸರು ಬೃಹತ್ಕಾಯೊಸಾರಸ್. ‘ಬೃಹತ್ಕಾಯ’ ಎಂದರೆ ಏನೆಂದು ನಮ್ಮ ಎಂಟನೆಯ ತರಗತಿಯ ಹುಡುಗಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲೋಕದಲ್ಲೇ ಅತಿ ದೊಡ್ಡ ನೆಲಪ್ರಾಣಿಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಆದರೆ ಆ ಎಲುಬುಗಳು ಈಗಿಲ್ಲ. ಮಣ್ಣಿನಿಂದ ತೆಗೆದ ಮೇಲೆ ಅವು ಪುಡಿಪುಡಿಯಾಗಿ ಹೋದವು. ಕೆಲವು ರೇಖಾಚಿತ್ರ, ಕೆಲವು ಫೋಟೊ ಉಳಿದಿವೆ, ವಿದ್ವಾಂಸರು ಅವನ್ನೇ ಹಿಡಿದು ವಾದಿಸುತ್ತಿದ್ದಾರೆ. ಇದನ್ನು ಓದಿದ ರಾತ್ರಿ ನಾನು ನನ್ನ ಪೆಟ್ಟಿಗೆ ತೆಗೆದು ಆ ಹಾಳೆಯನ್ನು ನೋಡಿದೆ.

ತಡಸದಲ್ಲಿ ಬಾವಿ ತೋಡುವಾಗ ಡೈನೊಸಾರ್ ಸಿಕ್ಕೀತೆ ಎಂದು ನಾವು ಕಾಯುತ್ತಿದ್ದದ್ದು ಉಂಟು. ಸಿಗುವುದಿಲ್ಲ. ಡೈನೊಸಾರ್‌ಗಳು ಬದುಕಿದ್ದು ಸುಮಾರು 23 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ. ನಮ್ಮ ಕಾಲ ಕೆಳಗಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ರಾಬರ್ಟ್ ಬ್ರೂಸ್ ಫೂಟ್ ಈ ಜಾತಿಯ ಶಿಲೆಗಳಿಗೆ ಕೊಟ್ಟ ‘ಧಾರವಾಡ’ ಎಂಬ ಹೆಸರನ್ನು ಭೂವಿಜ್ಞಾನದ ಪುಸ್ತಕಗಳು ಜಗತ್ತಿನಾದ್ಯಂತ ಬಳಸುತ್ತವೆ. ನಮ್ಮ ಕಲ್ಲಿಗೆ ವಯಸ್ಸು ಹೆಚ್ಚಾದದ್ದೇ ತೊಂದರೆ. ಉತ್ತರಕ್ಕೆ ವಿಜಯಪುರದ ಕಡೆ ಹೋದರೆ ಸಿಗುವ ಕರಿಕಲ್ಲು ಮಾತ್ರ ಡೈನೊಸಾರ್‌ಗಳ ಕೊನೆಯ ದಿನಗಳಲ್ಲಿ ಹರಿದ ಲಾವಾ. ನನ್ನ ಚಿತ್ರದ ಹಿಂದೆ ಹೊಗೆಯಾಡುವ ಬೆಟ್ಟವನ್ನು ಬರೆದ ಕಲಾವಿದ ಅಲ್ಲೊಂದು ಕಡೆ ನಮ್ಮ ನೆರೆಯವನಾದ.

ಎಲುಬಿನಿಂದ ಇತಿಹಾಸ ಓದುವ ವಿದ್ಯೆಗೆ ನಾವು ದೂರ ಹೋಗಬೇಕಾಗಿಲ್ಲ. ಹಿರೇಕೆರೂರು ಸೀಮೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿಸಿದಾಗ ಸಿಕ್ಕ ಪ್ರಾಣಿಗಳ ಎಲುಬುಗಳನ್ನು ಪಶುವೈದ್ಯರಾಗಿದ್ದ ಕೆ.ಆರ್. ಆಲೂರರು ಪರೀಕ್ಷಿಸಿ, ಇವುಗಳಲ್ಲಿ ಕುದುರೆಯದ್ದೂ ಇದೆ ಎಂದರು. ದಕ್ಷಿಣಕ್ಕೆ ಕುದುರೆ ಬಂದದ್ದು ಯಾವಾಗ ಎಂಬ ವಾದ ಅದರಿಂದ ದೇಶದ ತುಂಬ ಎದ್ದಿತು. ದನದ ವೈದ್ಯರ ಕೈಯಲ್ಲಿನ ಕೆಲವು ಎಲುಬು, ದೊಡ್ಡ ದೊಡ್ಡ ಗ್ರಂಥಗಳ ನಿದ್ದೆ ಕೆಡಿಸಿತು. ಅಜ್ಜಿ ಬದುಕಿದ್ದರೆ ಇದನ್ನೇ ಹೇಳುತ್ತಿದ್ದೆ. ಡೈನೊಸಾರ್ ನಂಬದಿದ್ದರೂ ಕುದುರೆಯನ್ನು ನಂಬುತ್ತಿದ್ದಳು.

ಹೋದ ವರ್ಷ ತಡಸ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಆ ಗೆಳೆಯ ಸಿಕ್ಕ. ಮುಂಡಗೋಡ ಕಡೆಗೆ ಹೊರಟಿದ್ದ. ಚಹಾ ಕುಡಿಯುತ್ತ, ಬಹಳ ಸುತ್ತಿ ಬಳಸಿ, ಕೊನೆಗೆ ಹೇಳಿದೆ. ಅವನು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ರಸ್ತೆ ನೋಡಿದ.

“ನೀನ ಅಂತ ನನಗ ಆವಾಗ್ಲೇ ಗೊತ್ತಿತ್ತಲೇ. ನಿನ್ನ ಅಂಗಿ ಚರಚರ ಅಂತಿತ್ತು.”

“ಮತ್ತ ಯಾಕ ಹೇಳಲಿಲ್ಲೋ?”

“ಹೇಳಿದ್ರ ನೀ ಅದನ್ನ ಒಲಿಗೆ ಹಾಕ್ತಿದ್ದಿ. ಇಟ್ಟೀ ಏನು ಇನ್ನೂ? ಅದರ ಬಾಲಾ ನೆಲಕ್ಕ ಹತ್ತಿತ್ತಲ್ಲ? ನಮ್ಮ ಮೊಮ್ಮಗ ಅದು ತಪ್ಪು ಅಂತಾನ. ಹಿಂಗ ಮ್ಯಾಲ ಇರತೈತಂತ.” ಅವನು ಮೇಜಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳಿಟ್ಟು ಎರಡನ್ನೂ ಬರೆದು ತೋರಿಸಿದ. ಗೆರೆ ಇನ್ನೂ ಪಳಗಿದ ಗೆರೆಯೇ ಆಗಿತ್ತು.

ಹಾಳೆಯನ್ನು ಈ ಲೇಖನದ ಜೊತೆ ಲಕೋಟೆಯಲ್ಲಿಟ್ಟು ಸಮಿತಿಗೆ ಕಳಿಸಿದ್ದೇನೆ. ಕಪಾಟಿನಲ್ಲಿ ಆ ಪುಸ್ತಕ ಇನ್ನೂ ಇದ್ದರೆ 36 ಮತ್ತು 39ನೆಯ ಪುಟಗಳ ನಡುವೆ ಇದರ ಜಾಗ. ಇಲ್ಲದಿದ್ದರೆ ಅದನ್ನು ನನ್ನ ಗೆಳೆಯನ ಮೊಮ್ಮಗನಿಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಅವನು ಈ ವರ್ಷ ಇದೇ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದಾನೆ.